ಓದುಗರ ಪ್ರಶ್ನೆ: ‘ಊರನ್ನು’ ಸರಿ, ‘ಗುರನ್ನು’ ಏಕೆ ಸಲ್ಲದು?

ವ್ಯಾಕರಣದ ನಿಯಮಗಳನ್ನು ಕುರಿತು ಬಂದ ನಾಲ್ಕು ಪತ್ರಗಳನ್ನು ಈ ಸಲ ಒಟ್ಟಿಗೆ ಕೈಗೆತ್ತಿಕೊಂಡಿದ್ದೇನೆ. ಒಂದು ಕಂಪ್ಯೂಟರ್ ವಿಜ್ಞಾನದ ತರಗತಿಯಿಂದಲೂ ಇನ್ನೊಂದು ಕನ್ನಡದ ತರಗತಿಯಿಂದಲೂ ಬಂದಿದ್ದರೂ ಅವುಗಳನ್ನು ಬೇರೆ ಬೇರೆಯಾಗಿ ಉತ್ತರಿಸುವುದು ನನ್ನಿಂದಾಗಲಿಲ್ಲ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಪ್ರೋಗ್ರಾಮಿಂಗ್ ಭಾಷೆಗಳಿಗೂ ‘ಗ್ರಾಮರ್’ ಇದೆಯೆಂದು ನಮಗೆ ಕಲಿಸುತ್ತಾರೆ. ಹೈಸ್ಕೂಲಿನಲ್ಲಿ ಓದಿದ ಕನ್ನಡ ವ್ಯಾಕರಣಕ್ಕೂ ಇದಕ್ಕೂ ಹೆಸರನ್ನು ಬಿಟ್ಟು ಬೇರೇನಾದರೂ ಸಂಬಂಧವಿದೆಯೇ? (ತುಮಕೂರಿನ ಓದುಗರು)

ಉತ್ತರ: ಸಂಬಂಧವಿದೆ, ಆದರೆ ಯಾವುದು ಮೊದಲು ಹುಟ್ಟಿತು ಎಂಬುದು ಎರಡರಲ್ಲಿ ತಿರುವುಮುರುವು. ಕನ್ನಡದಲ್ಲಿ ಭಾಷೆ ಮೊದಲು, ವ್ಯಾಕರಣ ಆಮೇಲೆ. ನಿಮ್ಮ ಪಠ್ಯದ ಔಪಚಾರಿಕ ಭಾಷೆಯಲ್ಲಿ ನಿಯಮವೇ ಮೊದಲು, ಆ ನಿಯಮಗಳಿಂದ ಹೊರಬರುವ ಸಾಲುಗಳ ಗುಂಪಿಗೇ ಭಾಷೆ ಎಂದು ಹೆಸರು. ಒಂದು ಆಟಿಕೆ ವ್ಯಾಕರಣವನ್ನು ಮಾಡಿ ನೋಡೋಣ. ವಾಕ್ಯವೆಂದರೆ ಕರ್ತೃಪದ, ಕರ್ಮಪದ, ಕ್ರಿಯಾಪದ, ಇದೇ ಕ್ರಮದಲ್ಲಿ. ಕರ್ತೃಪದ ‘ಹುಡುಗಿ’ ಅಥವಾ ‘ಅಜ್ಜಿ’, ಕರ್ಮಪದ ‘ನೀರನ್ನು’ ಅಥವಾ ‘ಹಾಡನ್ನು’, ಕ್ರಿಯಾಪದ ‘ಕುಡಿದಳು’ ಅಥವಾ ‘ಹಾಡಿದಳು’. ಈ ಭಾಷೆಯಲ್ಲಿ ಇರುವುದು ಸರಿಯಾಗಿ 8 ವಾಕ್ಯಗಳು. ‘ಅಜ್ಜಿ ಹಾಡನ್ನು ಕುಡಿದಳು’ ಎಂಬುದೂ ಅವುಗಳಲ್ಲಿ ಒಂದು, ಏಕೆಂದರೆ ನಿಯಮವು ಅರ್ಥವನ್ನು ವಿಚಾರಿಸುವುದೇ ಇಲ್ಲ. ‘ನೀರನ್ನು ಹುಡುಗಿ ಕುಡಿದಳು’ ಎಂಬುದಾದರೋ ಆ ಭಾಷೆಯಲ್ಲಿ ಇಲ್ಲವೇ ಇಲ್ಲ. ಕನ್ನಡಿಗರ ಕಿವಿ ನಡೆದುಕೊಳ್ಳುವುದು ಇದಕ್ಕೆ ವಿರುದ್ಧವಾಗಿ: ಪದಗಳ ಕ್ರಮ ಬದಲಾದರೆ ಅದು ಗಮನಿಸುವುದೂ ಇಲ್ಲ, ಹಾಡನ್ನು ಕುಡಿದ ಅಜ್ಜಿಯ ಮಾತು ಬಂದರೆ ತಲೆಯೆತ್ತಿ ನೋಡುತ್ತದೆ, ಬಳಿಕ ಇದು ಕವಿತೆಯಿರಬಹುದೆಂದು ಸಮಾಧಾನಪಟ್ಟುಕೊಳ್ಳುತ್ತದೆ. ವ್ಯಾಕರಣ ನೆಟ್ಟಗಿದ್ದು ಅರ್ಥ ಮಾತ್ರ ಒಡನೆ ಬಿಟ್ಟುಕೊಡದ ಬೆಡಗಿನ ವಚನಗಳನ್ನು ಕೇಳಿ ಬೆಳೆದ ಕಿವಿ ಅದು.

ಹಾಗೆಂದು ಎರಡರ ನಡುವೆ ಗೋಡೆಯೇನೂ ಇಲ್ಲ. ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿಯವರು 1956ರಲ್ಲಿ ವ್ಯಾಕರಣಗಳನ್ನು ಅವುಗಳ ಬಲಕ್ಕೆ ತಕ್ಕಂತೆ ಶ್ರೇಣೀಕರಿಸಲು ತೊಡಗಿದ್ದು ಸಹಜ ಭಾಷೆಗಳನ್ನು ವಿವರಿಸುವ ಉದ್ದೇಶದಿಂದ. ಅದರ ಹೆಚ್ಚಿನ ಫಲವನ್ನು ಉಂಡವರು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಬರೆಯುವವರು. ಆ ಶ್ರೇಣಿಯ ತಳದ ಮೆಟ್ಟಿಲಿನ ವ್ಯಾಕರಣಕ್ಕೆ ಎಷ್ಟು ಆವರಣ ಚಿಹ್ನೆಗಳು ತೆರೆದಿವೆಯೆಂದು ನೆನಪಿಡುವ ಶಕ್ತಿಯಿಲ್ಲ. ಕೊನೆಯಲ್ಲಿ ತೆರೆದದ್ದನ್ನು ಮೊದಲು ಮುಚ್ಚಬೇಕಾದರೆ ತಟ್ಟೆಯ ಮೇಲೆ ತಟ್ಟೆ ಪೇರಿಸಿದಂತಹ ಒಂದು ನೆನಪು ಬೇಕು, ಮತ್ತು ಅದು ದೊರೆಯುವುದು ಅದರ ಮೇಲಿನ ಮೆಟ್ಟಿಲಿನ ಸಂದರ್ಭಮುಕ್ತ ವ್ಯಾಕರಣದಲ್ಲಿ. ಈಗ ಈ ಕನ್ನಡ ವಾಕ್ಯವನ್ನು ನೋಡಿ: ‘ನಾನು, ಅವಳು, ಅವನು ಬಂದನೆಂದು ಹೇಳಿದಳೆಂದು ನಂಬಿದೆ.’ ಕೊನೆಯಲ್ಲಿ ಬಂದ ‘ಅವನು’ ಮೊದಲು ‘ಬಂದನು’ ಎಂಬುದರೊಡನೆ ಮುಚ್ಚಿಕೊಂಡಿತು, ಆಮೇಲೆ ‘ಅವಳು’ ‘ಹೇಳಿದಳು’ ಎಂಬುದರೊಡನೆ, ಕಟ್ಟಕಡೆಗೆ ‘ನಾನು’ ‘ನಂಬಿದೆ’ಯೊಡನೆ. ಕ್ರಿಯಾಪದದ ಕೊನೆಯಲ್ಲಿ ಸೇರುವ ನಮ್ಮ ಆಖ್ಯಾತ ಪ್ರತ್ಯಯಗಳು ಯಾವ ಆವರಣ ಯಾವುದರೊಡನೆ ಮುಚ್ಚಿತೆಂದು ಗುರುತು ಹಾಕಿಯೇ ಕೊಡುತ್ತವೆ. ಇಂತಹ ಇನ್ನೆರಡು ಪದರ ಸೇರಿಸಿದರೆ ಕೇಳುವವರಿಗೆ ತಲೆ ಸುತ್ತುತ್ತದೆ, ಕಂಪೈಲರಿಗೆ ನೂರು ಪದರವಾದರೂ ಬಾಧೆಯಿಲ್ಲ. ಹಾಗಾದರೆ ಸಂದರ್ಭಮುಕ್ತ ವ್ಯಾಕರಣ ಎಲ್ಲ ಭಾಷೆಗಳಿಗೂ ಸಾಲುತ್ತದೆಯೇ ಎಂದು ನೀವು ಕೇಳಬಹುದು. ಸಾಲದು: ಸ್ವಿಟ್ಜರ್ಲೆಂಡಿನ ಜರ್ಮನ್ ನುಡಿಯಲ್ಲಿ ನಾಮಪದಗಳೂ ಕ್ರಿಯಾಪದಗಳೂ ಹೀಗೆ ಒಂದರೊಳಗೊಂದು ಕೂರದೆ ಹೆಣಿಗೆಯಂತೆ ಅಡ್ಡಹಾಯುತ್ತವೆಯೆಂದೂ ಆದುದರಿಂದ ಅದು ಈ ಮೆಟ್ಟಿಲನ್ನು ಮೀರುತ್ತದೆಯೆಂದೂ ಸ್ಟುವರ್ಟ್ ಶೀಬರ್ 1985ರಲ್ಲಿ ಸಾಧಿಸಿ ತೋರಿಸಿದರು.

ಪ್ರಶ್ನೆ: ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕ. ಸ್ವರದ ಮುಂದೆ ಸ್ವರ ಬಂದಾಗ ಅರ್ಥ ಕೆಡದಿದ್ದರೆ ಲೋಪ (ಮೊದಲ ಸ್ವರ ಬಿಟ್ಟುಹೋಗುವುದು), ಕೆಡುವಂತಿದ್ದರೆ ಆಗಮ (ನಡುವೆ ಯ ಅಥವಾ ವ ಸೇರುವುದು) ಎಂದು ಕಲಿಸುತ್ತೇನೆ. ‘ಊರು’ ‘ಊರನ್ನು’ ಆಗುವಾಗ ಕೆಡದ ಅರ್ಥ ‘ಗುರು’ ‘ಗುರನ್ನು’ ಆದರೆ ಮಾತ್ರ ಏಕೆ ಕೆಡುತ್ತದೆ ಎಂದು ಒಬ್ಬ ಹುಡುಗ ಕೇಳಿದ. ಉತ್ತರ ಹೇಳಲಾಗಲಿಲ್ಲ. (ಹಾಸನ ಜಿಲ್ಲೆಯ ಓದುಗರು)

ಉತ್ತರ: ಆ ಹುಡುಗನಿಗೆ ನನ್ನ ಶಹಭಾಸ್ ತಿಳಿಸಿ. ಪಠ್ಯದ ಸೂತ್ರ ಕನ್ನಡ ಬಲ್ಲವರಿಗೆ ಮಾತ್ರ ಕೆಲಸ ಮಾಡುವ ಸೂತ್ರ ಎಂಬುದನ್ನು ಅವನು ಕಂಡುಹಿಡಿದಿದ್ದಾನೆ. ‘ಗುರನ್ನು’ ಎಂದರೆ ಅರ್ಥ ಕೆಟ್ಟಿತೆಂದು ನಮಗೆ ಅನ್ನಿಸುವುದು ‘ಗುರುವನ್ನು’ ಎಂಬುದೇ ಸರಿಯೆಂದು ನಮಗೆ ಮೊದಲೇ ಗೊತ್ತಿರುವುದರಿಂದ. ಕನ್ನಡ ಬಾರದ ಒಬ್ಬರಿಗೋ ಒಂದು ಯಂತ್ರಕ್ಕೋ ಈ ಸೂತ್ರವನ್ನು ಒಪ್ಪಿಸಿದರೆ ಅವು ಮೊದಲ ಪದದಲ್ಲಿಯೇ ನಿಂತುಬಿಡುತ್ತವೆ. ಹಾಗಾದರೆ ಅರ್ಥದ ಹೆಸರೆತ್ತದೆ ಈ ನಿಯಮವನ್ನು ಹೇಳಲು ಸಾಧ್ಯವೇ? ಬಹುಮಟ್ಟಿಗೆ ಸಾಧ್ಯ.

ಲೋಪವಾಗುವ ಪದಗಳನ್ನು ಒಂದು ಕಡೆ ಬರೆಯಿಸಿ: ಊರು, ಕಾಲು, ಮೂಗು, ಕಣ್ಣು, ಎತ್ತು, ಬಿಲ್ಲು, ಹೆಸರು, ಉಗುರು, ಬದುಕು. ವಕಾರಾಗಮವಾಗುವವನ್ನು ಇನ್ನೊಂದು ಕಡೆ: ಕರು, ಮಡು, ನಡು, ಹುಳು, ಮಗು, ಗುರು. ಎರಡನೆಯ ಪಟ್ಟಿಯ ಪ್ರತಿಯೊಂದು ಪದವೂ ಎರಡೇ ಅಕ್ಷರದ್ದು, ಎರಡೂ ಲಘು, ಅಂದರೆ ಒಂದೇ ಮಾತ್ರೆಯವು. ಮೊದಲ ಪಟ್ಟಿಯಲ್ಲಿ ಒಂದೋ ಮೊದಲ ಅಕ್ಷರ ಗುರು, ಅಂದರೆ ಎರಡು ಮಾತ್ರೆಯದು, ಇಲ್ಲವೇ ಪದಕ್ಕೆ ಮೂರಕ್ಷರ. ಛಂದಸ್ಸಿನ ಪಾಠದಲ್ಲಿ ಮಕ್ಕಳು ಪ್ರಸ್ತಾರ ಹಾಕಲು ಕಲಿತಿರುತ್ತಾರಲ್ಲ, ಅದೇ ಇಲ್ಲಿ ನೆರವಿಗೆ ಬರುತ್ತದೆ. ಕಾರಣವೂ ಇದೆ: ‘ಊರು’, ‘ಕಾಲು’, ‘ಕಣ್ಣು’ ಎಂಬಲ್ಲಿನ ಉಕಾರ ಪದಕ್ಕೆ ಸೇರಿದ್ದಲ್ಲ, ಉಚ್ಚಾರಣೆಗೆ ಆಸರೆಯಾಗಿ ಬಂದದ್ದು. ಹಳಗನ್ನಡದಲ್ಲಿ ಅವು ಊರ್, ಕಾಲ್, ಕಣ್ ಎಂದೇ ಇದ್ದುವು. ಅಲ್ಲಿ ಲೋಪವಾಗಲು ಸ್ವರವೇ ಇರಲಿಲ್ಲ. ‘ಕರು’ವಿನ ಉಕಾರ ಪದದ ಅಂಗ, ಅದನ್ನು ಬಿಟ್ಟುಕೊಡಲು ಪದ ಒಪ್ಪುವುದಿಲ್ಲ.

ಈ ನಿಯಮವನ್ನು ಯಾರೂ ಕಲಿಸಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ ಎಂಬುದಕ್ಕೆ ಇಂಗ್ಲಿಷಿನಿಂದ ಬಂದ ಪದಗಳೇ ಸಾಕ್ಷಿ. ‘ಕಾರು’ ‘ಕಾರನ್ನು’ ಆಗುತ್ತದೆ, ‘ಬಸ್ಸು’ ‘ಬಸ್ಸನ್ನು’ ಆಗುತ್ತದೆ, ‘ಮೆನು’ ಮಾತ್ರ ‘ಮೆನುವನ್ನು’. ಹೋಟೆಲಿನಲ್ಲಿ ‘ಮೆನನ್ನು ಕೊಡಿ’ ಎಂದವರನ್ನು ನಾನು ಕಂಡಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ‘ಒಂದು’ ‘ಒಂದನ್ನು’ ಆದಂತೆ ‘ಬಿಂದು’ ‘ಬಿಂದನ್ನು’ ಆಗಬೇಕಿತ್ತು, ಆಗುವುದಿಲ್ಲ. ಬಿಂದು, ವಸ್ತು, ಸಾಧು, ಶತ್ರು ಮೊದಲಾದ ಸಂಸ್ಕೃತ ಪದಗಳು ಗುರುವಿನಿಂದ ಆರಂಭವಾದರೂ ತಮ್ಮ ಉಕಾರವನ್ನು ಉಳಿಸಿಕೊಳ್ಳುತ್ತವೆ. ‘ಅದು’, ‘ಇದು’ ಎರಡೂ ಲಘುವಾಗಿದ್ದು ‘ಅದನ್ನು’, ‘ಇದನ್ನು’ ಆಗುತ್ತವೆ. ಇನ್ನೂ ಸೊಗಸಾದ ತೊಡಕು ‘ನಗು’ ಎಂಬುದರಲ್ಲಿದೆ: ಅದು ನಾಮಪದವಾದರೆ ‘ನಗುವನ್ನು ತಡೆದಳು’, ಧಾತುವಾದರೆ ‘ನಗಲಿಲ್ಲ’. ಆದುದರಿಂದ ನಿಯಮ ನಾಮಪದಗಳಿಗೆ ಮಾತ್ರ ಎಂದು ಮೊದಲು ಬೇಲಿ ಹಾಕಬೇಕು. ಯಂತ್ರಕ್ಕೆ ಹೇಳುವುದಾದರೆ ಕ್ರಮ ಹೀಗಿರಬೇಕಾಗುತ್ತದೆ: ಪದ ‘ಅದು’, ‘ಇದು’ಗಳಂತಹ ಸರ್ವನಾಮವಾಗಿದ್ದರೆ ಲೋಪ, ಅಲ್ಲದಿದ್ದರೆ, ಸಂಸ್ಕೃತದ ಉಕಾರಾಂತವೆಂದು ನಿಘಂಟಿನಲ್ಲಿ ಗುರುತಿದ್ದರೆ ಆಗಮ, ಅದೂ ಅಲ್ಲದೆ ಎರಡು ಲಘುಗಳ ಪದವಾಗಿದ್ದರೆ ಆಗಮ, ಇವಾವುವೂ ಅಲ್ಲದಿದ್ದರೆ ಲೋಪ. ಈ ಸಾಲುಗಳ ಕ್ರಮವನ್ನು ತಿರುವಿಹಾಕಿದರೆ ಎಲ್ಲವೂ ಕೆಡುತ್ತದೆ. ‘ಅರ್ಥ ಕೆಡದಿದ್ದರೆ’ ಎಂಬ ಎರಡು ಪದಗಳ ಹಿಂದೆ ಇಷ್ಟೆಲ್ಲ ಅಡಗಿತ್ತು. ಪಠ್ಯ ಬರೆದವರನ್ನು ನಾನು ದೂರುವುದಿಲ್ಲ. ಅವರ ಓದುಗರಿಗೆ ಕನ್ನಡ ಬರುತ್ತಿತ್ತು.

ಪ್ರಶ್ನೆ: ಪಾಣಿನಿಯೇ ಮೊದಲ ಕಂಪ್ಯೂಟರ್ ವ್ಯಾಕರಣಕಾರನೆಂದೂ, ಕಂಪ್ಯೂಟರಿಗೆ ಸಂಸ್ಕೃತವೇ ತಕ್ಕ ಭಾಷೆಯೆಂದು ನಾಸಾ ಒಪ್ಪಿದೆಯೆಂದೂ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ಎಷ್ಟು ನಿಜ? (ಉಡುಪಿಯ ನಿವೃತ್ತ ಬ್ಯಾಂಕ್ ಉದ್ಯೋಗಿ)

ಉತ್ತರ: ಎರಡನೆಯದನ್ನು ಮೊದಲು ಮುಗಿಸುತ್ತೇನೆ. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬವರು 1985ರಲ್ಲಿ ಬರೆದ ಒಂದು ಲೇಖನ ಈ ಮಾತಿನ ಬೇರು. ಸಂಸ್ಕೃತದ ಶಾಸ್ತ್ರಕಾರರು ಒಂದು ವಾಕ್ಯದ ಅರ್ಥವನ್ನು ಬಿಡಿಸಿ ಹೇಳುತ್ತಿದ್ದ ರೀತಿ, ಜ್ಞಾನವನ್ನು ಯಂತ್ರದಲ್ಲಿ ನಿರೂಪಿಸುವ ರೀತಿಗೆ ಹೋಲುತ್ತದೆ ಎಂಬುದು ಅವರ ವಾದ. ಅದು ಒಬ್ಬ ವಿದ್ವಾಂಸರ ಲೇಖನವೇ ಹೊರತು ಒಂದು ಸಂಸ್ಥೆಯ ತೀರ್ಮಾನವಲ್ಲ.

ಪಾಣಿನಿಯ ಮಾತು ಬೇರೆ. ಅಲ್ಲಿ ಹೊಗಳಿಕೆಗೆ ನಿಜವಾದ ಆಧಾರವಿದೆ. ಆಲ್ಗಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ರಚನೆಯನ್ನು ವಿವರಿಸಲು ಜಾನ್ ಬ್ಯಾಕಸ್ 1959ರಲ್ಲಿ ಒಂದು ಸಂಕೇತಕ್ರಮವನ್ನು ತಂದರು, 1960ರ ವರದಿಯಲ್ಲಿ ಪೀಟರ್ ನೌರ್ ಅದನ್ನು ತಿದ್ದಿ ಬಳಸಿದರು. ಅದಕ್ಕೆ ಪಾಣಿನಿಯ ಹೆಸರನ್ನು ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್‌ಮನ್ ಸೂಚಿಸಿದರು. ಆದರೆ ನನಗೆ ಹೋಲಿಕೆ ಹೆಚ್ಚಾಗಿ ಕಾಣುವುದು ಬೇರೊಂದು ಕಡೆ. ‘ಇಕೋ ಯಣಚಿ’ ಎಂಬ ಪುಟ್ಟ ಸೂತ್ರವನ್ನು ತೆಗೆದುಕೊಳ್ಳಿ. ಇ, ಉ, ಋ, ಌ ಎಂಬವುಗಳಿಗೆ ‘ಇಕ್’ ಎಂದೂ ಯ, ವ, ರ, ಲ ಎಂಬವುಗಳಿಗೆ ‘ಯಣ್’ ಎಂದೂ ಎಲ್ಲ ಸ್ವರಗಳಿಗೆ ‘ಅಚ್’ ಎಂದೂ ಗುರುತು ಹಾಕಿಕೊಂಡು, ಸ್ವರ ಮುಂದಿದ್ದರೆ ಇಕ್ಕಿನ ಜಾಗದಲ್ಲಿ ಯಣ್ ಬರಲಿ ಎನ್ನುತ್ತದೆ. ನಮ್ಮ ‘ಇತ್ಯಾದಿ’, ‘ಸ್ವಾಗತ’ಗಳು ಹುಟ್ಟಿದ್ದು ಹೀಗೆ. ಹಾಗಾದರೆ ‘ಗಿರಿ’ಯ ಮುಂದೆ ‘ಈಶ’ ಬಂದಾಗ ‘ಗಿರ್ಯೀಶ’ ಏಕಾಗುವುದಿಲ್ಲ? ಸವರ್ಣ (ಅದೇ ಜಾತಿಯ) ಸ್ವರ ಬಂದರೆ ದೀರ್ಘ ಎಂಬ ಇನ್ನೊಂದು ಸೂತ್ರ ಇದನ್ನು ತಡೆದು ‘ಗಿರೀಶ’ನನ್ನು ಕೊಡುತ್ತದೆ. ವಿಶೇಷ ನಿಯಮವು ಸಾಮಾನ್ಯ ನಿಯಮವನ್ನು ತಡೆಯುತ್ತದೆ, ಅಪವಾದವು ಉತ್ಸರ್ಗವನ್ನು ಬಾಧಿಸುತ್ತದೆ ಎಂಬ ಈ ವ್ಯವಸ್ಥೆ, ಮೇಲೆ ‘ಅದು’ವನ್ನು ಮೊದಲ ಸಾಲಿನಲ್ಲಿ ಇಟ್ಟುಕೊಂಡ ಉಪಾಯವೇ. ಸುಮಾರು 4000 ಸೂತ್ರಗಳು ಪರಸ್ಪರ ಡಿಕ್ಕಿ ಹೊಡೆಯದಂತೆ ನಡೆಯಲು ಅದು ಬೇಕಾಗಿತ್ತು. 1604ರಲ್ಲಿ ಭಟ್ಟಾಕಳಂಕದೇವನು ಇದೇ ಮಾದರಿಯಲ್ಲಿ ಸಂಸ್ಕೃತದ 592 ಸೂತ್ರಗಳಲ್ಲಿ ಕನ್ನಡಕ್ಕೆ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಬರೆದನು.

ಆದರೂ ಪಾಣಿನಿ ಯಾವ ಯಂತ್ರಕ್ಕೂ ಭಾಷೆಯನ್ನು ಹೊಸೆಯಲಿಲ್ಲ. ಜನರ ಬಾಯಲ್ಲಿದ್ದ ಭಾಷೆಯನ್ನು ಕೇಳಿ ಬರೆದನು. ಹಾಗಾಗಿಯೇ ಅವನ ಸೂತ್ರಗಳಲ್ಲಿ ‘ವಾ’, ‘ವಿಭಾಷಾ’ ಎಂಬ ವಿಕಲ್ಪದ ಮಾತುಗಳೂ, ಪೂರ್ವದೇಶದವರ ಮತದಲ್ಲಿ ಹೀಗೆ ಎಂಬ ಉಲ್ಲೇಖಗಳೂ ಬರುತ್ತವೆ. ಯಾವ ಕಂಪೈಲರೂ ‘ಹೀಗೂ ಆಗಬಹುದು, ಮೂಡಣದವರು ಹಾಗೆನ್ನುತ್ತಾರೆ’ ಎಂಬುದನ್ನು ಸಹಿಸದು.

ಪ್ರಶ್ನೆ: ಕರಡು ತಿದ್ದುವ ಕೆಲಸ ನನ್ನದು. ‘ಬರ್ತೀನಿ’ ಎಂದು ಬರೆದವರನ್ನು ‘ಬರುತ್ತೇನೆ’ ಎಂದು ತಿದ್ದುತ್ತೇನೆ. ತಪ್ಪನ್ನೇ ತಿದ್ದುತ್ತಿದ್ದೇನೆಯೇ? (ಬೆಂಗಳೂರಿನ ಓದುಗರು)

ಉತ್ತರ: ಪತ್ರಿಕೆಯ ಶೈಲಿಗೆ ಒಗ್ಗಿಸುತ್ತಿದ್ದೀರಿ. ಅದು ನಿಮ್ಮ ಕೆಲಸ, ಮಾಡಿ. ಆದರೆ ಮೈಸೂರು ಸೀಮೆಯ ‘ಬರ್ತೀನಿ’ಗೂ ಕರಾವಳಿಯ ‘ಬರ್ತೇನೆ’ಗೂ ವ್ಯಾಕರಣವಿಲ್ಲವೆಂದು ತಿಳಿಯಬೇಡಿ. ‘ಬರ್ತೀನಿ, ಬರ್ತೀವಿ’ ಎನ್ನುವವರು ‘ತಿಂತೀನಿ, ತಿಂತೀವಿ’ ಎಂದೇ ಅನ್ನುತ್ತಾರೆ, ‘ಅವಳು ಬರ್ತೀನಿ’ ಎಂದು ಮರೆತೂ ಅನ್ನುವುದಿಲ್ಲ.

ನಿಯಮ ಬದಲಾಗುವ ರೀತಿಯಲ್ಲಿಯೂ ವ್ಯತ್ಯಾಸವಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮುದ್ರಿಸುವ ಆಜ್ಞೆಗೆ ಆವರಣ ಚಿಹ್ನೆ ಕಡ್ಡಾಯವಾದದ್ದು 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ. ಹಳೆಯ ಆವೃತ್ತಿಗೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಕನ್ನಡ ತನ್ನ ಹಳೆಯ ಅಕ್ಷರವಾದ ೞಕಾರವನ್ನು ಕೈಬಿಟ್ಟದ್ದಕ್ಕೆ ಅಂತಹ ತಾರೀಖು ಇಲ್ಲ. ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವೆಂಬ ಕನ್ನಡ ವ್ಯಾಕರಣವನ್ನು ಬರೆದ ಕೇಶಿರಾಜನು, ಯಾವ ಯಾವ ಪದಗಳಲ್ಲಿ ೞಕಾರವಿದೆಯೆಂದು ಪಟ್ಟಿಯನ್ನೇ ಕೊಡುತ್ತಾನೆ. ಎಲ್ಲರ ನಾಲಗೆಯ ಮೇಲೂ ಅದು ಇದ್ದಿದ್ದರೆ ಪಟ್ಟಿ ಬೇಕಾಗುತ್ತಿರಲಿಲ್ಲ. ಅವನು ಹಳೆಯ ಕವಿಗಳನ್ನು ಓದಿ ಪಟ್ಟಿ ಮಾಡುತ್ತಿದ್ದ ಕಾಲಕ್ಕೇ ಜನರು ಹೊರಗೆ ‘ಮೞೆ’ಯನ್ನು ‘ಮಳೆ’ ಎನ್ನತೊಡಗಿದ್ದರು.