ಸೂಲಗಿತ್ತಿಗೆ ಪೂರ್ತಿ ಹಣ ಮುಂಗಡವೇ?

ಮನೆಯಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿ ಪೂರ್ತಿ ಹಣವನ್ನು ಮೊದಲೇ ಕೇಳುತ್ತಿದ್ದಾರೆ, ಕೊಡಬಹುದೇ ಎಂದಿದ್ದೀರಿ. ಕಂತಿನಲ್ಲಿ ಕೊಡಿ. ನಡುವೆ ಆಸ್ಪತ್ರೆಗೆ ಸಾಗಿಸಬೇಕಾದರೆ ಎಷ್ಟು ವಾಪಸು, ಬಾಣಂತಿಯನ್ನು ನೋಡಲು ಬರುವ ಭೇಟಿಗಳು ಸೇರಿವೆಯೇ, ಜೊತೆಗೆ ಬರುವ ಸಹಾಯಕಿಯ ಸಂಭಾವನೆ ಯಾರದು, ಇವೆಲ್ಲ ಬರಹದಲ್ಲಿರಲಿ. ಬಾಯಿಮಾತು ಹೆರಿಗೆ ನೋವಿನ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ನಾನಾದರೆ ಹಣದ ಮಾತಿಗೆ ಮೊದಲು ಅವರ ಚೀಲ ಬಿಚ್ಚಿ ತೋರಿಸಲು ಹೇಳುತ್ತೇನೆ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇದೆಯೇ, ಅದನ್ನು ತಣ್ಣಗಿಟ್ಟು ತರುತ್ತಾರೆಯೇ? ಕೂಸು ಉಸಿರೆಳೆಯದಿದ್ದರೆ ಗಾಳಿ ಕೊಡುವ ಪುಟ್ಟ ಮಾಸ್ಕ್ ಇದೆಯೇ? ನೋಂದಣಿ ಇದೆ ಎಂದರೆ ಸಂಖ್ಯೆ ಕೇಳಿ ನೀವೇ ಪರಿಶೀಲಿಸಿ. "ಒಬ್ಬರನ್ನೂ ಆಸ್ಪತ್ರೆಗೆ ಕಳಿಸಿದವಳಲ್ಲ" ಎಂದು ಬೀಗುವವರನ್ನು ಮಾತ್ರ ಬಿಟ್ಟುಬಿಡಿ. ಚೊಚ್ಚಲ ಹೆರಿಗೆಯಲ್ಲಿ ಹಾಗೆ ಕಳಿಸಬೇಕಾಗುವುದು ಅಪರೂಪವೇನಲ್ಲ.