ಸುರಂಗದಲ್ಲಿ ದೆವ್ವ ಇಲ್ಲ: ಟ್ರೇಲರ್ ಪ್ರಾಜೆಕ್ಟ್ ಮಾಡುವವರ ಪ್ರಶ್ನೆಗಳಿಗೆ ಉತ್ತರ

ಫೆಬ್ರವರಿ ಬಂತೆಂದರೆ ನನ್ನ ಫೋನ್ ತುಂಬ ಟ್ರೇಲರ್. ಕಾಸರಗೋಡು, ಮಂಜೇಶ್ವರ ಕಡೆಯ ಮಕ್ಕಳು ಸಿನಿಮಾ ಪ್ರಾಜೆಕ್ಟ್ ಒಪ್ಪಿಸುವ ಕಾಲ ಅದು. ಸಿನಿಮಾ ಇರುವುದಿಲ್ಲ. ಇಲ್ಲದ ಸಿನಿಮಾಕ್ಕೆ ಒಂದು ಟ್ರೇಲರ್, ಒಂದು ಪೋಸ್ಟರ್, ಪತ್ರಿಕೆಯ ಮುಖಪುಟದ ಹಾಗೆ ಒಂದು ಪುಟ, ಕೊನೆಗೊಂದು ಮೌಲ್ಯಮಾಪನ ವರದಿ. ನಾನು ಎಡಿಟಿಂಗ್ ಮಾಡಿ ಬದುಕಿದವನು. ಆಗಾಗ ಹೊರಗಿನ ಪರೀಕ್ಷಕನಾಗಿಯೂ ಹೋಗುತ್ತೇನೆ. ಈ ಸಲ ಬಂದ ಪ್ರಶ್ನೆಗಳು ಹೋದ ವರ್ಷವೂ ಬಂದಿದ್ದವು, ಅದರ ಹಿಂದಿನ ವರ್ಷವೂ ಬಂದಿದ್ದವು. ಹಾಗಾಗಿ ಉತ್ತರದಲ್ಲಿ ಸ್ವಲ್ಪ ಖಾರ ಇರುತ್ತದೆ. ಟೀಸರ್‌ಗೂ ಟ್ರೇಲರ್‌ಗೂ ಏನು ವ್ಯತ್ಯಾಸ ಎಂದು ಕೇಳಿದ ಏಳು ಜನರಿಗೆ ಇಲ್ಲಿ ಉತ್ತರ ಇಲ್ಲ. ಅದು ನಿಮ್ಮ ಪಾಠದಲ್ಲೇ ಉಂಟು.

*ನಮ್ಮ ಟ್ರೇಲರ್‌ಗೆ ಯೂಟ್ಯೂಬ್‌ನಲ್ಲಿ 12 ಸಾವಿರ ವ್ಯೂಸ್ ಬಂದಿದೆ. ಆದರೂ ಅಂಕ ಕಡಿಮೆ ಕೊಟ್ಟಿದ್ದಾರೆ. ಇದು ಅನ್ಯಾಯ ಅಲ್ವಾ ಸರ್? (ಉಪ್ಪಳ)*

ಅಲ್ಲ. ವ್ಯೂಸ್ ಬಿಟ್ಟು, ಎಷ್ಟನೇ ಸೆಕೆಂಡಿಗೆ ಜನ ಎದ್ದು ಹೋದರು ಅನ್ನುವ ಗೆರೆಯನ್ನು ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡಿ. ಆಮೇಲೆ ಅನ್ಯಾಯದ ಮಾತು.

*ಮಾಷ್ಟ್ರೇ, ನಾವು ನಾಲ್ಕು ಜನ ಸೇರಿ ‘ಒರತೆ’ ಅಂತ ಒಂದು ಸಿನಿಮಾಕ್ಕೆ ಟ್ರೇಲರ್ ಮಾಡಿದ್ದೇವೆ, 1 ನಿಮಿಷ 50 ಸೆಕೆಂಡಿನದು. ನೀರಿಗಾಗಿ ಸುರಂಗ ತೋಡುವ ಅಜ್ಜ, ಓದು ಬಿಟ್ಟು ಊರಿಗೆ ಬಂದ ಮೊಮ್ಮಗಳು, ಇವರಿಬ್ಬರ ಕಥೆ. ಪೋಸ್ಟರ್, ಮುಖಪುಟ ಎರಡೂ ಉಂಟು. ವರದಿಯನ್ನು ಮಾತ್ರ ಟೀಚರ್ ವಾಪಸ್ ಕೊಟ್ಟರು. ‘ಇದು ದಿನಚರಿ, ಮೌಲ್ಯಮಾಪನ ಅಲ್ಲ’ ಎಂದು ಬರೆದಿದ್ದಾರೆ. ಯಾವ ಕ್ಯಾಮೆರಾ, ಯಾವ ಸಾಫ್ಟ್‌ವೇರ್, ಎಷ್ಟು ದಿನ ಶೂಟಿಂಗ್, ಎಲ್ಲ ಬರೆದಿದ್ದೇವಲ್ಲ. ಇನ್ನೇನು ಬರೆಯಬೇಕು? (ಪೆರ್ಲ)*

ನಿಮ್ಮ ಟೀಚರ್ ಹೇಳಿದ್ದು ಸರಿ. ಆರು ಪುಟದ ವರದಿಯಲ್ಲಿ ‘ಮಾಡಿದೆವು’ ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿ. ನಾನು ಮೂವತ್ತರವರೆಗೆ ಎಣಿಸಿ ಬಿಟ್ಟೆ. ನೋಡಿದವರಿಗೆ ಏನು ಅನಿಸಿತು ಅನ್ನುವುದು ಮಾತ್ರ ಒಂದೇ ಸಾಲು: ‘ಎಲ್ಲರೂ ಲಾಯ್ಕುಂಟು ಅಂದರು.’ ನಮ್ಮೂರಲ್ಲಿ ಬೇರೇನು ಹೇಳುತ್ತಾರೆ ಮಾರಾಯ್ರೇ? ಮದುವೆ ಊಟದ ಸಾರಿಗೆ ಉಪ್ಪು ಬೀಳದಿದ್ದರೂ ಲಾಯ್ಕುಂಟು ಎಂದೇ ಹೇಳಿ ಕೈ ತೊಳೆಯುವ ಜನ ನಾವು.

ನೀವು ಕಳಿಸಿದ ಮೂರನ್ನೂ ಎದುರಿಗೆ ಇಟ್ಟುಕೊಂಡು ನೋಡಿದೆ. ಶುರುವಿಗೆ 11 ಸೆಕೆಂಡ್ ಬರೀ ಬ್ಯಾನರ್‌ಗಳು. ಇರುವುದು ನಾಲ್ಕು ಜನ, ಬ್ಯಾನರ್ ಮೂರು! ಟ್ರೇಲರ್‌ಗೆ ಆ ಹೆಸರು ಬಂದದ್ದು ಯಾಕೆ ಗೊತ್ತಾ? ಮೊದಮೊದಲು ಅದನ್ನು ಸಿನಿಮಾದ ಹಿಂದೆ, ಬಾಲದ ಹಾಗೆ ತೋರಿಸುತ್ತಿದ್ದರು. ಸಿನಿಮಾ ಮುಗಿದ ಮೇಲೆ ಯಾರು ಕೂರುತ್ತಾರೆ? ಎದ್ದು ಹೋಗುತ್ತಿದ್ದರು. ಹಾಗಾಗಿ ಅದು ಮುಂದಕ್ಕೆ ಬಂತು. ಈಗಿನವರು ಎದ್ದು ಹೋಗುವುದೂ ಬೇಡ, ಹೆಬ್ಬೆರಳು ಸರಿಸಿದರೆ ಆಯ್ತು. ಆ 11 ಸೆಕೆಂಡ್ ನೀವು ಅವರಿಗೆ ಕೊಟ್ಟ ರಜೆ.

ಆಮೇಲೆ ಸುರಂಗ. ಕತ್ತಲೆ, ಏದುಸಿರು, ಗೋಡೆಗೆ ಪಿಕ್ಕಾಸಿನ ಏಟು. ಚಂದ ಶೂಟ್ ಮಾಡಿದ್ದೀರಿ, ಸುಮ್ನೆ ಹೇಳುತ್ತಿಲ್ಲ. 52ನೇ ಸೆಕೆಂಡಿಗೆ ಅಜ್ಜನ ಪಕ್ಕದ ಮೇಣದಬತ್ತಿ ಆರುತ್ತದೆ. ‘ಢಂ’ ಎಂದು ಸದ್ದು. ಪರದೆ ಕಪ್ಪು.

ಇಲ್ಲೇ ನೋಡಿ ಎಡವಿದ್ದು. ಪೆರ್ಲ, ಬಾಯಾರು ಕಡೆ ಹುಟ್ಟಿದವರಿಗೆ ಆ ಬತ್ತಿ ಆರಿದ್ದರ ಅರ್ಥ ಗೊತ್ತು. ಒಳಗೆ ಗಾಳಿ ಸಾಲುತ್ತಿಲ್ಲ, ತೋಡುವವನು ಕೂಡಲೇ ಹೊರಗೆ ಬರಬೇಕು. ಆದರೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ತೂತು ಕೊರೆದು, ಪಂಪು ಇಲ್ಲದೆ ನೀರು ತಾನಾಗಿ ಹರಿದು ಬರುವ ಹಾಗೆ ಮಾಡುತ್ತಾರೆ ಎಂಬುದೇ ಹೊರಗಿನವರಿಗೆ ಗೊತ್ತಿಲ್ಲ. ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಪಾಲಕ್ಕಾಡಿನ ಹುಡುಗನೊಬ್ಬ ಇದ್ದಾನೆ. ಅವನನ್ನು ಕರೆದು ತೋರಿಸಿದೆ. ‘ಪ್ರೇತದ ಸಿನಿಮಾ ಅಲ್ವಾ ಸಾರ್? ಅಜ್ಜನನ್ನು ಅದು ಹಿಡಿದುಕೊಳ್ತದೆ’ ಅಂದ. ಅವನದ್ದು ತಪ್ಪಿಲ್ಲ. ಕತ್ತಲೆ, ಏದುಸಿರು, ಢಂ. ಇಷ್ಟು ಕೊಟ್ಟ ಮೇಲೆ ಯಾರೇ ಆದರೂ ದೆವ್ವವನ್ನೇ ಕಾಯುತ್ತಾರೆ.

ಇನ್ನು ಪೋಸ್ಟರ್. ಅಡಿಕೆ ತೋಟದಲ್ಲಿ ಬೆಳಗಿನ ಬಿಸಿಲು, ಬೊಗಸೆಯಲ್ಲಿ ನೀರು ಹಿಡಿದು ನಗುವ ಮೊಮ್ಮಗಳು. ಒಳ್ಳೆ ಫೋಟೋ, ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾದ್ದು. ಅದರ ಕೆಳಗೆ ‘ಮಣ್ಣಿನಾಳದ ಸತ್ಯ’ ಎಂಬ ಸಾಲು. ಅದನ್ನು ಓದಿದರೆ ತೋಟದಲ್ಲಿ ಯಾರನ್ನೋ ಹೂತಿದ್ದಾರೆ ಅನಿಸುತ್ತದೆ. ಮುಖಪುಟದಲ್ಲಿ ಅದೇ ಹುಡುಗಿ ಕೂಲಿಂಗ್ ಗ್ಲಾಸ್ ಹಾಕಿ ಗೋಡೆಗೆ ಒರಗಿದ್ದಾಳೆ, ‘ಮೊದಲ ಚಿತ್ರದಲ್ಲೇ ಮಿಂಚಿದ ಬೆಡಗಿ’. ಅಂದರೆ ಟ್ರೇಲರ್‌ನಲ್ಲಿ ದೆವ್ವ, ಪೋಸ್ಟರ್‌ನಲ್ಲಿ ಸಂಸಾರ, ಅದರ ಕೆಳಗಿನ ಸಾಲಿನಲ್ಲಿ ಕೊಲೆ, ಮುಖಪುಟದಲ್ಲಿ ಫ್ಯಾಷನ್. ಟಿಕೆಟ್ ತೆಗೆದವನು ಯಾವ ಸಿನಿಮಾಕ್ಕೆ ಬಂದ ಹಾಗಾಯ್ತು?

ಟ್ರೇಲರ್ ಎಂದರೆ ನೋಡುವವನಿಗೆ ಕೊಡುವ ಮಾತು. ಪೋಸ್ಟರ್ ಕೊಡುವುದೂ ಅದೇ ಮಾತಾಗಬೇಕು. ಒಂದೇ ಬಣ್ಣ, ಒಂದೇ ಅಕ್ಷರ ಇದ್ದರೆ ಮೂರೂ ಹೊಂದಿಕೊಂಡವು ಎಂದು ನಿಮ್ಮ ವರದಿ ಹೇಳುತ್ತದೆ. ಅದು ಯೂನಿಫಾರ್ಮ್ ಆಯ್ತು ಅಷ್ಟೆ.

ಮೌಲ್ಯಮಾಪನ ಶುರುವಾಗುವುದು ನೀವು ಕೊಟ್ಟ ಮಾತು ತಲುಪಿತೋ ಇಲ್ಲವೋ ಎಂದು ಹುಡುಕುವಲ್ಲಿ. ನಿಮ್ಮ ಕ್ಲಾಸಿನವರು ಬೇಡ, ಮನೆಯವರು ಬೇಡ. ಪರಿಚಯ ಇಲ್ಲದ ಐದು ಜನರನ್ನು ಹಿಡಿಯಿರಿ. ಬದಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರಾದರೂ ಆಗುತ್ತದೆ. ಅವರಲ್ಲಿ ಇಬ್ಬರಾದರೂ ಕನ್ನಡ ಬಾರದ, ಮಲಯಾಳ ಮಾತ್ರ ಬರುವವರು ಇರಲಿ, ನಮ್ಮ ಜಿಲ್ಲೆಯಲ್ಲಿ ಅವರೂ ನಿಮ್ಮ ಪ್ರೇಕ್ಷಕರೇ. ಮೊದಲು ಸದ್ದು ತೆಗೆದು ತೋರಿಸಿ, ಆಮೇಲೆ ಸದ್ದು ಹಾಕಿ. ಹೇಗಿದೆ ಎಂದು ಮಾತ್ರ ಕೇಳಬೇಡಿ. ಇದು ಎಂಥ ಸಿನಿಮಾ, ಯಾರ ಕಥೆ, ಅವರಿಗೆ ಏನು ಕಷ್ಟ, ಎಲ್ಲಿ ಬೋರ್ ಆಯ್ತು, ಇಷ್ಟು ಕೇಳಿ. ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಪೋಸ್ಟರನ್ನು ಫೋನ್‌ನಲ್ಲಿ ಬೆಂಕಿಪೆಟ್ಟಿಗೆ ಗಾತ್ರಕ್ಕೆ ಇಳಿಸಿ ತೋರಿಸಿ. ಹೆಸರು ಓದಲು ಬಂತಾ? ನಿಮ್ಮದು ನನಗೆ ಬರಲಿಲ್ಲ. ಆ ‘ಢಂ’ ಸದ್ದನ್ನು ಫೋನಿನ ಸ್ಪೀಕರಿನಲ್ಲೂ ಒಮ್ಮೆ ಕೇಳಿ. ಹೆಡ್‌ಫೋನ್‌ನಲ್ಲಿ ಎದೆ ನಡುಗಿಸುವ ಬೇಸ್ ಅಲ್ಲಿ ‘ಟಪ್’ ಅನ್ನುತ್ತದೆ.

ಅಷ್ಟಾದ ಮೇಲೆ ವರದಿಗೆ ಕೂರಿ. ಬರೆಯುವುದು ಹೀಗೆ: ‘52ನೇ ಸೆಕೆಂಡಿಗೆ ಬತ್ತಿ ಆರುವುದನ್ನು ಅಪಾಯದ ಗುರುತಾಗಿ ಇಟ್ಟಿದ್ದೆವು. ಐದರಲ್ಲಿ ಇಷ್ಟು ಜನ ಅದನ್ನು ದೆವ್ವ ಎಂದುಕೊಂಡರು. ಬತ್ತಿ ಆರಿದರೆ ಹೊರಗೆ ಬನ್ನಿ ಅಜ್ಜ ಎಂದು ಮೊಮ್ಮಗಳು ಹೇಳುವ ಮಾತನ್ನು 40ನೇ ಸೆಕೆಂಡಿಗೆ ತಂದೆವು. ಢಂ ತೆಗೆದೆವು. ಬೇರೆ ಐದು ಜನರಿಗೆ ತೋರಿಸಿದೆವು.’ ಆ ಮೇಲೆ ಏನಾಯಿತು ಎಂದು ಬರೆಯಿರಿ, ಏನೂ ಸುಧಾರಿಸದಿದ್ದರೂ ಬರೆಯಿರಿ. ಸೋತದ್ದನ್ನು ಸರಿಯಾಗಿ ಬರೆದವರಿಗೆ ನಾನು ಯಾವತ್ತೂ ಅಂಕ ಕಡಿಮೆ ಕೊಟ್ಟಿಲ್ಲ. ಆದರೆ ಐದು ಜನರ ಉತ್ತರವನ್ನು ನೀವೇ ಕೂತು ಬರೆದರೆ ಸಿಕ್ಕಿಬೀಳುತ್ತೀರಿ. ಬಸ್ಸಿಗೆ ಕಾಯುವವರು ಅಷ್ಟು ಚಂದದ ವಾಕ್ಯದಲ್ಲಿ ಮಾತಾಡುವುದಿಲ್ಲ.

ಒಂದು ಹಳೆ ಗಾಯ ಹೇಳಿಬಿಡುತ್ತೇನೆ. ಶುರುವಿನ ದಿನಗಳಲ್ಲಿ ಗೆಳೆಯನ ಕಿರುಚಿತ್ರಕ್ಕೆ ಟ್ರೇಲರ್ ಕಟ್ ಮಾಡಿದ್ದೆ. ಚಿತ್ರದ ಬೆಸ್ಟ್ ಶಾಟ್, ಹುಡುಗಿ ಬಾಗಿಲು ತೆಗೆಯುವುದು, ಅದನ್ನೇ ಕೊನೆಗೆ ಇಟ್ಟೆ. ಚಿತ್ರ ತೋರಿಸುವ ದಿನ ಹಾಲ್‌ನಲ್ಲಿ ಯಾರೋ ಹುಡುಗ ‘ಈಗ ಬಾಗಿಲು ತೆಗೀತಾಳೆ ನೋಡು’ ಎಂದು ಜೋರಾಗಿ ಹೇಳಿದ. ತೆಗೆದಳು. ಜನ ನಕ್ಕರು. ಅದು ಅಳುವ ದೃಶ್ಯ. ಗೆಳೆಯ ಎರಡು ತಿಂಗಳು ಮಾತು ಬಿಟ್ಟ. ನಿಮ್ಮ ಟ್ರೇಲರ್‌ನಲ್ಲಿ 1 ನಿಮಿಷ 38ಕ್ಕೆ ಸುರಂಗದಿಂದ ನೀರು ನುಗ್ಗಿ ಬರುತ್ತದೆ. ಅದು ಕಥೆಯ ಕೊನೆ ತಾನೇ? ತೆಗೆಯಿರಿ. ಕಪ್ಪು ಪರದೆ ಇರಲಿ, ಒಂದು ಹನಿ ಬೀಳುವ ಸದ್ದು ಬರಲಿ, ಆಮೇಲೆ ‘ಒರತೆ’ ಎಂಬ ಹೆಸರು. ಈಗ ಎರಡೇ ಸೆಕೆಂಡಿಗೆ ಮಾಯವಾಗುವ ಹೆಸರನ್ನು ನಾಲ್ಕು ಸೆಕೆಂಡ್ ನಿಲ್ಲಿಸಿ.

ಮತ್ತೆ, ಆ ಸುರಂಗ ಯಾರದ್ದು? ಬಳಕೆಯಲ್ಲಿ ಇರುವುದೋ, ಬಿಟ್ಟದ್ದೋ? ಬಿಟ್ಟ ಸುರಂಗದೊಳಗೆ ಲೈಟು ಹಿಡಿದುಕೊಂಡು ನಾಲ್ಕು ಜನ ಹೋಗಿದ್ದರೆ ಅದು ಧೈರ್ಯ ಅಲ್ಲ, ಪೆದ್ದುತನ. ಮಣ್ಣು ಕುಸಿಯುತ್ತದೆ, ಹಾವು ಇರುತ್ತದೆ, ಗಾಳಿ ಇರುವುದಿಲ್ಲ. ಬಾಯಿಯ ಹತ್ತಿರ ಎರಡು ಶಾಟ್ ತೆಗೆದು, ಉಳಿದದ್ದನ್ನು ಕಪ್ಪು ಬಟ್ಟೆ ಕಟ್ಟಿದ ಕೋಣೆಯಲ್ಲಿ ಮಾಡಿ. ಯಾರಿಗೂ ಗೊತ್ತಾಗುವುದಿಲ್ಲ.

*ಹಿಟ್ ಸಿನಿಮಾದ ಬಿಜಿಎಂ (ಹಿನ್ನೆಲೆ ಸಂಗೀತ) 10 ಸೆಕೆಂಡಿನ ಒಳಗೆ ಬಳಸಿದರೆ ಕಾಪಿರೈಟ್ ಬರುವುದಿಲ್ಲವಂತೆ, ಹೌದಾ? (ಕುಂಬಳೆ)*

ಈ 10 ಸೆಕೆಂಡಿನ ಕಥೆ ಕಟ್ಟಿದವರು ಕೈಗೆ ಸಿಕ್ಕಿದರೆ ನಾನೇ ವಿಚಾರಿಸಿಕೊಳ್ಳುತ್ತೇನೆ. 1957ರ ಕಾಪಿರೈಟ್ ಕಾಯಿದೆಯಲ್ಲಿ ಅಂಥ ಲೆಕ್ಕವೇ ಇಲ್ಲ, 10 ಸೆಕೆಂಡೂ ಇಲ್ಲ, 30 ಸೆಕೆಂಡೂ ಇಲ್ಲ. ಪಾಠದ ಭಾಗವಾಗಿ ತರಗತಿಯ ಒಳಗೆ ಬಳಸುವುದಕ್ಕೆ ಅದರಲ್ಲಿ ವಿನಾಯಿತಿ ಇದೆ. ಯೂಟ್ಯೂಬ್ ನಿಮ್ಮ ತರಗತಿ ಅಲ್ಲ. ಕೆಳಗೆ ‘ಕಾಪಿರೈಟ್ ಉಲ್ಲಂಘಿಸುವ ಉದ್ದೇಶವಿಲ್ಲ’ ಎಂದು ಬರೆಯುವುದು, ತೆಂಗಿನಕಾಯಿ ಕದ್ದು ಮರದ ಬುಡದಲ್ಲಿ ಚೀಟಿ ಇಟ್ಟ ಹಾಗೆ. ಯೂಟ್ಯೂಬ್‌ನ ಆಡಿಯೋ ಲೈಬ್ರರಿಯಲ್ಲಿ ಉಚಿತ ಸಂಗೀತ ಇದೆ. ಅದಕ್ಕಿಂತ, ಚೆಂಡೆ ಮದ್ದಳೆ ಬಾರಿಸುವವರು ನಿಮ್ಮ ಕಾಲೇಜಿನಲ್ಲೇ ಇರುತ್ತಾರೆ. ಕರೆದು ಚಾ ಕೊಡಿಸಿ.

*3,500 ರೂಪಾಯಿ ಕೊಟ್ಟರೆ ಫಿಲ್ಮ್ ಫೆಸ್ಟಿವಲ್‌ನ ‘ಅಫಿಷಿಯಲ್ ಸೆಲೆಕ್ಷನ್’ ಎಂದು ಎಲೆಗಳ ಚಿಹ್ನೆ ಕಳಿಸುತ್ತೇವೆ, ಪೋಸ್ಟರ್‌ನಲ್ಲಿ ಹಾಕಿಕೊಳ್ಳಿ ಎಂದು ಒಬ್ಬರು ವಾಟ್ಸಾಪ್ ಮಾಡಿದ್ದಾರೆ. (ಮಂಜೇಶ್ವರ)*

ಬ್ಲಾಕ್ ಮಾಡಿ. ಹಾಲ್ ಇಲ್ಲ, ಪರದೆ ಇಲ್ಲ, ನೋಡುವವರಿಲ್ಲ, ತಿಂಗಳಿಗೊಮ್ಮೆ ಎಲ್ಲರಿಗೂ ಪ್ರಶಸ್ತಿ. ಅದು ಫೆಸ್ಟಿವಲ್ ಅಲ್ಲ, ರಸೀದಿ ಅಂಗಡಿ. ಇಲ್ಲದ ಸಿನಿಮಾದ ಪೋಸ್ಟರ್‌ನಲ್ಲಿ ಆ ಎಲೆಗಳನ್ನು ಕಂಡರೆ ನಾನು ಅಲ್ಲೇ ಎರಡು ಅಂಕ ಕಳೆಯುತ್ತೇನೆ.

*ಶುರುವಿಗೆ ಸೆನ್ಸಾರ್ ಸರ್ಟಿಫಿಕೇಟ್ ಹಾಕಿದರೆ ನಿಜವಾದ ಟ್ರೇಲರ್ ಹಾಗೆ ಕಾಣುತ್ತದೆ. ನಾವೇ ಮಾಡಿ ಹಾಕಬಹುದಾ? (ನೀರ್ಚಾಲು)*

ಸರ್ಕಾರಿ ಸರ್ಟಿಫಿಕೇಟನ್ನು ನಾವೇ ಮಾಡಿಕೊಳ್ಳುವುದಕ್ಕೆ ಏನು ಹೆಸರು ಎಂದು ಮನೆಯಲ್ಲಿ ಕೇಳಿ. ಅಂದ ಹಾಗೆ, ನೀವು ಕಳಿಸಿದ ಮಾದರಿಯಲ್ಲಿ ಬರೀ ‘ಯು/ಎ’ ಎಂದಿದೆ. ಸಿನಿಮಾ ಕಾಯಿದೆಯ 2023ರ ತಿದ್ದುಪಡಿಯ ನಂತರ ಅದು ವಯಸ್ಸಿನ ಪ್ರಕಾರ 7+, 13+, 16+ ಎಂದು ಮೂರಾಗಿದೆ. ಕಳ್ಳತನದಲ್ಲೂ ಔಟ್‌ಡೇಟ್.

*ಎಂಡೋಸಲ್ಫಾನ್ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಹಾಸಿಗೆ ಹಿಡಿದ ಮಗುವಿನ ಫೋಟೋ ಪೋಸ್ಟರ್‌ನಲ್ಲಿ ಹಾಕಿದರೆ ಪರಿಣಾಮ ಜಾಸ್ತಿ ಅಲ್ವಾ? (ಮುಳ್ಳೇರಿಯ)*

ಹಾಕಬೇಡಿ. ತಾಯಿ ಒಪ್ಪಿದ್ದಾರೆ ಎಂದರೂ ನಾನು ಬೇಡ ಎಂದೇ ಹೇಳುವುದು. ಈ ಕಡೆಯ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಲ್ಲಿ ಆ ಕೀಟನಾಶಕ ಬಿಟ್ಟರು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ನಿಷೇಧಿಸಿದ ಮೇಲೂ ಕ್ಯಾಮೆರಾ ಹಿಡಿದು ಬರುವವರು ನಿಲ್ಲಲಿಲ್ಲ. ಆ ಮನೆಗಳ ಬಾಗಿಲಿಗೆ ಎಷ್ಟು ಜನ ಫೋಟೋ ತೆಗೆಯಲು ಬಂದು ಹೋದರು ಎಂದು ಅಲ್ಲಿಯವರನ್ನೇ ಕೇಳಿ. ನಿಮಗೆ ಸಿಗುವುದು ಅಂಕ. ಆ ಮಗುವಿನ ಮುಖ ಇಂಟರ್‌ನೆಟ್‌ನಲ್ಲಿ ಉಳಿಯುತ್ತದೆ. ಗೇರು ಮರದ ಮೇಲೆ ಖಾಲಿ ಆಕಾಶ ಇಟ್ಟು ಒಂದು ಪೋಸ್ಟರ್ ಮಾಡಿ ಕಳಿಸಿ, ನಾನು ನೋಡುತ್ತೇನೆ.

*ಬೇಕಲ ಕೋಟೆಯ ಡ್ರೋನ್ ಶಾಟ್‌ನಿಂದ ಶುರು ಮಾಡಿದರೆ ಹೇಗೆ? (ಕಾಸರಗೋಡು)*

ಅನುಮತಿ ಬೇಕು, ಅದು ಪುರಾತತ್ವ ಇಲಾಖೆಯ ಕೋಟೆ. ಅನುಮತಿ ಸಿಕ್ಕರೂ ಬೇಡ. ಈ ವರ್ಷ ನಾನು ನೋಡಿದ ಒಂಬತ್ತು ಟ್ರೇಲರ್‌ಗಳಲ್ಲಿ ಆರು ಅಲ್ಲಿಂದಲೇ ಶುರುವಾಗಿವೆ, ಉಳಿದ ಮೂರು ಭೂತಕೋಲದ ದೊಂದಿಯಿಂದ.

*ಪೋಸ್ಟರ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಹೋಗುತ್ತದೆ. ಪ್ರಿಂಟ್ ಕೂಡ ಮಸುಕು. ಏನು ಮಾಡುವುದು? (ಬದಿಯಡ್ಕ)*

ಅಂತೂ ಒಂದು ಒಳ್ಳೆಯ ಪ್ರಶ್ನೆ. ನಿಮ್ಮದು ಹಳೆಯ ಫೋಟೋಶಾಪ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಟೈಪ್ ಎಂಬ ಕಡೆ ‘ವರ್ಲ್ಡ್ ರೆಡಿ ಲೇಔಟ್’ ಆರಿಸಿ. ಅದಕ್ಕೂ ಹಳೆಯ ಆವೃತ್ತಿಯಲ್ಲಿ ಅದರ ಹೆಸರು ‘ಮಿಡ್ಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’. ಮುಚ್ಚಿ ತೆರೆದು, ಹೊಸ ಫೈಲಿನಲ್ಲಿ ಯೂನಿಕೋಡ್ ಫಾಂಟ್ ಹಾಕಿ ಟೈಪ್ ಮಾಡಿ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಟೈಟಲ್ ಹಾಕುವಾಗಲೂ ಇಂಥದೇ ಒಂದು ಸೆಟ್ಟಿಂಗ್ ಇದೆ. ಇದನ್ನು ಮಾಡದ್ದಕ್ಕೇ ‘ಸತ್ಯ’ ಹೋಗಿ ‘ಸತ್‌ಯ’ ಆಗುವುದು. ಮಲಯಾಳದ ಹೆಸರನ್ನೂ ಹಾಕುವುದಾದರೆ ಆ ಭಾಷೆ ಓದಲು ಬರುವವರಿಂದ ಒಮ್ಮೆ ಓದಿಸಿ.

ಮಸುಕಿಗೆ ಕಾರಣ ವಾಟ್ಸಾಪ್. ಫೋಟೋ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಎ3 ಪೋಸ್ಟರ್‌ಗೆ 300 ಡಿಪಿಐ ಲೆಕ್ಕದಲ್ಲಿ 3508 ಅಡ್ಡ, 4961 ಉದ್ದ ಪಿಕ್ಸೆಲ್ ಬೇಕು. ದೊಡ್ಡದು ಬೇಕಾದರೆ ಕೇರಳದಲ್ಲಿ 2019ರಿಂದ ಪಿವಿಸಿ ಫ್ಲೆಕ್ಸ್ ಇಲ್ಲ, ಬಟ್ಟೆಯ ಮೇಲೆ ಮಾಡಿಸಬೇಕು. ಬಟ್ಟೆಯಲ್ಲಿ ಕಪ್ಪು ಬಣ್ಣ ಬೂದಿಯ ಹಾಗೆ ಕಾಣಬಹುದು, ಮೊದಲು ಒಂದು ತುಂಡು ಪ್ರಿಂಟ್ ತೆಗೆಸಿ ನೋಡಿ.

*ಯಾವ ಕ್ಯಾಮೆರಾ ತಗೊಳ್ಳಲಿ? (ಹನ್ನೊಂದು ಜನ)*

ಇರುವ ಫೋನ್ ಸಾಕು. ಮೈಕ್ ತಗೊಳ್ಳಿ.