ಘಟ್ಟ ಇಳಿಯುವಾಗ ಗಾಡಿ ಮ್ಯಾಪಿಂದ ಮಾಯ ಆಗೋದ್ಯಾಕೆ? ಗಾಡಿ ಟ್ರ್ಯಾಕಿಂಗ್ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಗಾಡಿ ಟ್ರ್ಯಾಕ್ ಮಾಡೋ ಸಾಫ್ಟ್‌ವೇರ್‌ಗಳಲ್ಲಿ ಹೊಸದಾಗಿ ಬಂದಿರೋ ಸೌಲಭ್ಯಗಳ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಲ ಹೇಳಿದ್ವಿ. ಕಾರವಾರ, ಅಂಕೋಲಾ, ಶಿರಸಿ, ಯಲ್ಲಾಪುರ, ಗೋಕರ್ಣ ಎಲ್ಲಾ ಕಡೆಯಿಂದ ಬಂದಿವೆ, ಅದ್ರಲ್ಲಿ ಜಾಸ್ತಿ ಘಟ್ಟದ ಪ್ರಶ್ನೆಗಳೇ. ಅದು ಸರೀನೇ. ಬಯಲುಸೀಮೆ ರಸ್ತೇಲಿ ಚೆಂದ ಕೆಲಸ ಮಾಡೋ ಆ್ಯಪು ದೇವಿಮನೆ ಘಟ್ಟದಲ್ಲಿ, ಅರಬೈಲ್ ಘಟ್ಟದಲ್ಲಿ ಏನು ಮಾಡುತ್ತೆ ಅಂತ ನಾವು ಕೇಳ್ದೆ ಇದ್ರೆ ಮಾರೋರು ತಾವಾಗೇ ಹೇಳಲ್ಲ.

ಪ್ರಶ್ನೆ: ನಮ್ದು ಶಿರಸಿ, ಅಡಿಕೆ ಮತ್ತೆ ಕಿರಾಣಿ ಲೋಡ್ ಹೊಡೆಯೋ ನಾಲ್ಕು ಲಾರಿ ಇವೆ. ಕುಮಟಾಕ್ಕೆ ಇಳಿಯುವಾಗ ದೇವಿಮನೆ ಹತ್ರ ಆ್ಯಪಲ್ಲಿ ಗಾಡಿ ನಿಂತೇ ಬಿಡುತ್ತೆ, ಆಮೇಲೆ ಕತಗಾಲದ ಹತ್ರ ಒಮ್ಮೆಲೇ ಹಾರಿ ಬಂದಂಗೆ ಕಾಣುತ್ತೆ. ಡ್ರೈವರ್ ಮಧ್ಯ ಎಲ್ಲೋ ನಿಲ್ಲಿಸ್ತಾನೆ ಅಂತ ತಮ್ಮಂಗೆ ಅನುಮಾನ. ಹೊಸ ಸಾಫ್ಟ್‌ವೇರ್ ಹಾಕಿದ್ರೆ ಸರಿ ಹೋಗುತ್ತಾ?

ಉತ್ತರ: ಮೊದಲು ಡ್ರೈವರ್ ಮೇಲಿನ ಅನುಮಾನ ಬಿಡಿ, ಹೆಚ್ಚಾಗಿ ಅವನು ಗಾಡಿ ಓಡಿಸ್ತಾನೇ ಇರ್ತಾನೆ. ಇಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. ಗಾಡಿ ಎಲ್ಲಿದೆ ಅಂತ ಗಾಡೀಲಿ ಹಾಕಿರೋ ಟ್ರ್ಯಾಕಿಂಗ್ ಡಿವೈಸಿಗೆ ಗೊತ್ತಾಗೋದು ಉಪಗ್ರಹದಿಂದ, ಸುಮಾರು 20 ಸಾವಿರ ಕಿಲೋಮೀಟರ್ ಮೇಲಿಂದ ಬರೋ ಸಿಗ್ನಲ್ ಅದು, ಅದಕ್ಕೆ ಸಿಮ್ಮೂ ಬೇಡ, ಟವರ್ರೂ ಬೇಡ. ಆದ್ರೆ ಆ ವಿಷಯ ನಿಮ್ಮ ಮೊಬೈಲಿಗೆ ಬರೋಕೆ ಸಿಮ್ ಬೇಕು, ಟವರ್ ಬೇಕು. ಘಟ್ಟದಲ್ಲಿ ಕೈಕೊಡೋದು ಹೆಚ್ಚಾಗಿ ಈ ಎರಡನೇದು. ಒಳ್ಳೆ ಡಿವೈಸಾದ್ರೆ ನೆಟ್‌ವರ್ಕ್ ಇಲ್ಲದಾಗ ಲೊಕೇಶನ್ನೆಲ್ಲಾ ತನ್ನೊಳಗೆ ಬರೆದಿಟ್ಕೊಂಡು ಟವರ್ ಸಿಕ್ಕಿದ ಕೂಡ್ಲೆ ಒಟ್ಟಿಗೆ ಕಳಿಸುತ್ತೆ. ಎಐಎಸ್ 140 ಅಂತ ಸರ್ಕಾರದ ಮಾನದಂಡ ಇದೆಯಲ್ಲ, ಅದ್ರ ಪ್ರಕಾರ ಡಿವೈಸು ಕಡಿಮೆ ಅಂದ್ರೂ 40 ಸಾವಿರ ಲೊಕೇಶನ್ ಇಟ್ಕೊಳ್ಬೇಕು. ಹತ್ತು ಸೆಕೆಂಡಿಗೆ ಒಂದು ಅಂತ ಲೆಕ್ಕ ಹಾಕಿದ್ರೂ ನಾಲ್ಕು ದಿನಕ್ಕಿಂತ ಜಾಸ್ತಿ ಆಯ್ತು, ದೇವಿಮನೆ ಘಟ್ಟ ಅದಕ್ಕೆ ಏನೇನೂ ಅಲ್ಲ.

ಹಾಗಾಗಿ ಸಾಫ್ಟ್‌ವೇರ್ ಬದಲಿಸೋಕೆ ಮುಂಚೆ ಒಂದು ಕೆಲಸ ಮಾಡಿ. ಲೈವ್ ಮ್ಯಾಪ್ ನೋಡೋದು ಬಿಟ್ಟು ಗಾಡಿ ಕುಮಟಾ ಮುಟ್ಟಿ ಒಂದು ತಾಸಾದ ಮೇಲೆ ಆ್ಯಪಲ್ಲಿ ಹಿಸ್ಟರಿ, ಅಂದ್ರೆ ಗಾಡಿ ಬಂದ ದಾರಿಯ ಗೆರೆ ತೆಗೀರಿ, ಘಟ್ಟದ ಜಾಗ ದೊಡ್ಡದು ಮಾಡಿ ನೋಡಿ. ಗೆರೆ ಒಂದೊಂದು ತಿರುವಲ್ಲೂ ರಸ್ತೆ ಜೊತೆಗೇ ತಿರುಗಿದ್ರೆ ನಿಮ್ಮ ಡಿವೈಸ್ ಸರಿ ಇದೆ, ಸುಮ್ನೆ ದುಡ್ಡು ಹಾಕ್ಬೇಡಿ. ಮೇಲಿಂದ ಕೆಳಗೆ ಕಾಡಿನ ಮಧ್ಯ ಸ್ಕೇಲ್ ಇಟ್ಟು ಎಳೆದಂಗೆ ಗೆರೆ ಇದ್ರೆ ಒಂದೋ ಡಿವೈಸ್ ಬರೆದಿಟ್ಕೊಳ್ತಿಲ್ಲ, ಇಲ್ಲಾಂದ್ರೆ ತಡವಾಗಿ ಬಂದ ಲೊಕೇಶನ್ನ ಸಾಫ್ಟ್‌ವೇರ್ ಎಸೀತಿದೆ. ಕೆಲವು ಹಳೇ ಸಾಫ್ಟ್‌ವೇರ್‌ಗಳಲ್ಲಿ ಇನ್ನೂ ಒಂದು ತೊಂದರೆ ಇತ್ತು, ಲೊಕೇಶನ್ ಸರ್ವರಿಗೆ ಬಂದ ಟೈಮನ್ನೇ ಗಾಡಿ ಅಲ್ಲಿದ್ದ ಟೈಮ್ ಅಂತ ಹಿಡೀತಿದ್ವು, ಮುಕ್ಕಾಲು ತಾಸಿನ ಲೊಕೇಶನ್ ಎಲ್ಲಾ ಒಂದೇ ನಿಮಿಷದಲ್ಲಿ ಬಂದು ಬಿದ್ದಾಗ ಗಾಡಿ ಎಲ್ಲೂ ಇಲ್ಲದ ಸ್ಪೀಡಲ್ಲಿ ಹೋಯ್ತು ಅಂತ ಅಲರ್ಟ್ ಬರ್ತಿತ್ತು, ಪಾಪ ಡ್ರೈವರ್ ಬೈಸ್ಕೊಳ್ತಿದ್ದ. ಈಗಿನ ಒಳ್ಳೆ ಸಾಫ್ಟ್‌ವೇರ್‌ಗಳು ಉಪಗ್ರಹದ ಟೈಮ್ ಹಿಡಿದು, ಲೊಕೇಶನ್ ತಡವಾಗಿ ಬಂದ್ರೂ ಟ್ರಿಪ್ಪನ್ನ ಮೊದಲಿಂದ ಲೆಕ್ಕ ಹಾಕ್ತವೆ. ನೀವು ಕೇಳ್ಬೇಕಾದ ಹೊಸ ಸೌಲಭ್ಯ ಇದು. ಇದ್ರ ಜೊತೆ ಎರಡು ಕಂಪನಿ ನೆಟ್‌ವರ್ಕ್ ಹಿಡಿಯೋ ಸಿಮ್ ಇರೋ 4ಜಿ ಡಿವೈಸ್ ಸಿಕ್ಕಿದ್ರೆ ಒಳ್ಳೇದು. ಡೆಮೋ ಕೊಡೋಕೆ ಬಂದೋರ ಹತ್ರ ಶಿರಸಿ ಪೇಟೇಲಿ ತೋರಿಸ್ಬೇಡಿ, ಒಂದು ಗಾಡಿಗೆ ಹಾಕಿ ಕುಮಟಾಕ್ಕೆ ಹೋಗಿ ಬರೋಣ ಅನ್ನಿ.

ಪ್ರಶ್ನೆ: ಯಲ್ಲಾಪುರದಿಂದ ಬರೀತಿದ್ದೇನೆ. ಅರಬೈಲ್ ಘಟ್ಟ ಹತ್ತುವಾಗ ಪ್ರತಿ ಸಲ ಡೀಸೆಲ್ ಕಳ್ಳತನ ಅಂತ ಮೆಸೇಜ್ ಬರುತ್ತೆ, ಮೇಲೆ ಬಂದ್ಮೇಲೆ ಡೀಸೆಲ್ ವಾಪಸ್ ಇರುತ್ತೆ! ಸೆನ್ಸರ್ ಹಾಳಾಗಿದ್ಯಾ?

ಉತ್ತರ: ಹಾಳಾಗಿಲ್ಲ, ಟ್ಯಾಂಕ್ ವಾಲಿದೆ ಅಷ್ಟೆ. ಸೆನ್ಸರ್ ಅಂದ್ರೆ ಟ್ಯಾಂಕಿನೊಳಗೆ ಇಳಿಸಿರೋ ಒಂದು ಕಡ್ಡಿ, ಅದು ನಿಂತಿರೋ ಜಾಗದಲ್ಲಿ ಡೀಸೆಲ್ ಎಷ್ಟು ಎತ್ತರ ಇದೆ ಅಂತ ಮಾತ್ರ ಅದಕ್ಕೆ ಗೊತ್ತಾಗೋದು. ಏರಲ್ಲಿ ಡೀಸೆಲ್ಲೆಲ್ಲಾ ಹಿಂದಕ್ಕೆ ಸರಿಯುತ್ತೆ, ಕಡ್ಡಿ ಮುಂದಿದ್ರೆ ಕಡಿಮೆ ತೋರಿಸುತ್ತೆ, ತಿರುವಲ್ಲಿ ತುಳುಕೋದು ಬೇರೆ. ಹೊಸ ಸಾಫ್ಟ್‌ವೇರ್‌ಗಳು ಗಾಡಿ ಓಡ್ತಿರುವಾಗಿನ ಏರಿಳಿತಕ್ಕೆ ಗಂಟೆ ಬಾರಿಸಲ್ಲ, ಕೆಲವು ನಿಮಿಷದ ಸರಾಸರಿ ತಗೋತವೆ, ಇಳಿಜಾರು ಎಷ್ಟಿದೆ ಅಂತ ಡಿವೈಸಿಂದಲೇ ತಿಳ್ಕೊಂಡು ಲೆಕ್ಕ ಸರಿ ಮಾಡ್ತವೆ. ಉದ್ದ ಟ್ಯಾಂಕಾದ್ರೆ ಎರಡು ತುದಿಗೂ ಒಂದೊಂದು ಕಡ್ಡಿ ಹಾಕ್ಸೋದು ಇನ್ನೂ ಒಳ್ಳೇದು.

ನಿಜವಾದ ಕಳ್ಳತನದ ಗ್ರಾಫ್ ಬೇರೆ ಥರ ಇರುತ್ತೆ. ಗಾಡಿ ನಿಂತಿರುತ್ತೆ, ಇಗ್ನಿಷನ್ ಹೆಚ್ಚಾಗಿ ಆಫ್ ಇರುತ್ತೆ, ಗೆರೆ ಕೆಲವೇ ನಿಮಿಷದಲ್ಲಿ ದಬಕ್ಕನೆ ಕೆಳಗೆ ಬೀಳುತ್ತೆ, ಮತ್ತೆ ಮೇಲೆ ಬರಲ್ಲ. ವಾಪಸ್ ಮೇಲೆ ಬಂತು ಅಂದ್ರೆ ಅದು ಘಟ್ಟದ ಕೆಲಸ. ಇನ್ನೊಂದು, ಸೆನ್ಸರ್ ಹಾಕುವಾಗ ಟ್ಯಾಂಕ್ ಖಾಲಿ ಮಾಡಿ ಹತ್ತೋ ಇಪ್ಪತ್ತೋ ಲೀಟರ್ ಹಾಕ್ತಾ ಹಾಕ್ತಾ ಪ್ರತಿ ಸಲ ರೀಡಿಂಗ್ ಬರ್ಕೊಳ್ಬೇಕು. ಇದಕ್ಕೆ ಅರ್ಧ ದಿನ ಹೋಗುತ್ತೆ ಅಂತ ಕೆಲವರು ಬೇರೆ ಲಾರಿಯ ಲೆಕ್ಕವನ್ನೇ ನಿಮ್ಮ ಗಾಡಿಗೂ ಹಾಕಿ ಹೋಗ್ತಾರೆ. ಬಿಡ್ಬೇಡಿ, ನಿಂತು ಮಾಡಿಸ್ಕೊಳ್ಳಿ. ಈಗ ಬಂಕ್ ಬಿಲ್ಲಿನ ಫೋಟೋ ಹಾಕಿದ್ರೆ ಟ್ಯಾಂಕಿಗೆ ಬಿದ್ದ ಲೀಟರಿಗೂ ಬಿಲ್ಲಿಗೂ ತಾಳೆ ನೋಡೋ ಸೌಲಭ್ಯ ಕೆಲವು ಕಡೆ ಬಂದಿದೆ, ಐದಾರು ಲೀಟರ್ ಹೆಚ್ಚುಕಮ್ಮಿಗೆ ಯಾರನ್ನೂ ಹಿಡೀಬೇಡಿ, ಅಷ್ಟು ತಪ್ಪು ಸೆನ್ಸರಿಂದಲೇ ಬರುತ್ತೆ.

ಪ್ರಶ್ನೆ: ಅಂಕೋಲಾದಿಂದ. ರಾತ್ರಿ ಇಗ್ನಿಷನ್ ಆಫ್ ಇದ್ದ ಲಾರಿ ಓಡ್ತಿದೆ, ಯಾರೋ ಎಳ್ಕೊಂಡು ಹೋಗ್ತಿದ್ದಾರೆ ಅಂತ ಅಲರ್ಟ್. ಫೋನ್ ಮಾಡಿದ್ರೆ ಡ್ರೈವರ್ ರೋರೋ ರೈಲಲ್ಲಿ (ಲಾರಿಗಳನ್ನೇ ಹೊತ್ಕೊಂಡು ಹೋಗೋ ರೈಲು) ಇದ್ದ. ಇದನ್ನ ನಿಲ್ಸೋದು ಹೇಗೆ?

ಉತ್ತರ: ಕೊಂಕಣ ರೈಲ್ವೆಯ ರೋರೋ 1999ರಿಂದ ಇದೆ, ಆದ್ರೂ ತುಂಬಾ ಸಾಫ್ಟ್‌ವೇರ್‌ಗಳಿಗೆ ಲಾರಿ ರೈಲು ಹತ್ತುತ್ತೆ ಅನ್ನೋದೇ ಗೊತ್ತಿಲ್ಲ. ಅಲರ್ಟ್ ಪೂರ್ತಿ ಆಫ್ ಮಾಡ್ಬೇಡಿ, ನಿಜವಾಗ್ಲೂ ಗಾಡಿ ಕದ್ರೆ ಅದೇ ಕೆಲಸಕ್ಕೆ ಬರೋದು. ಸುರತ್ಕಲ್ಲು, ವೆರ್ಣಾ, ಕೋಲಾಡ, ಹೀಗೆ ನಿಮ್ಮ ಗಾಡಿ ರೈಲು ಹತ್ತೋ ಇಳಿಯೋ ಸ್ಟೇಷನ್ನಿನ ಯಾರ್ಡಿಗೆ ಜಿಯೋಫೆನ್ಸ್ (ಮ್ಯಾಪಲ್ಲಿ ಜಾಗದ ಸುತ್ತ ಎಳೆಯೋ ಗಡಿ) ಹಾಕಿ, ಒಂದರಿಂದ ಹೊರಟು ಇನ್ನೊಂದು ಮುಟ್ಟೋ ತನಕ ಟೋ ಅಲರ್ಟ್ ಬೇಡ ಅಂತ ರೂಲ್ ಬರೆಯೋಕೆ ಆಗುತ್ತಾ ಅಂತ ಕೇಳಿ. ಈಗೀಗ ಅಂಥ ರೂಲನ್ನ ಮಾಲಕರೇ ಹಾಕ್ಕೊಳ್ಳೋಕೆ ಬಿಡ್ತಾರೆ.

ಪ್ರಶ್ನೆ: ಮೊಬೈಲಿಂದಲೇ ಇಂಜಿನ್ ಬಂದ್ ಮಾಡೋ ಸೌಲಭ್ಯ ಹಾಕಿಸ್ಲಾ? ಕಂತು ಕಟ್ಟೋ ಗಾಡಿ, ಬಾಡಿಗೆಗೆ ಕೊಟ್ಟಿದ್ದೇನೆ. (ದಾಂಡೇಲಿ)

ಉತ್ತರ: ಹಾಕಿಸೋದಾದ್ರೆ ಒಂದೇ ಷರತ್ತಿನ ಮೇಲೆ, ಗಾಡಿ ಪೂರ್ತಿ ನಿಂತ ಮೇಲೆ ಮತ್ತೆ ಸ್ಟಾರ್ಟ್ ಆಗದೇ ಇರೋ ಹಾಗೆ ಮಾತ್ರ ಇರ್ಬೇಕು. ಓಡ್ತಿರೋ ಗಾಡಿಯ ಇಂಜಿನ್ ಬಂದ್ ಮಾಡೋ ಬಟನ್ ಯಾರ ಕೈಲೂ ಇರಬಾರದು. ಅಣಶಿ ಘಟ್ಟದ ಇಳಿಜಾರಲ್ಲಿ ಲೋಡ್ ಲಾರಿಯ ಇಂಜಿನ್ ನಿಂತ್ರೆ ಏನಾಗುತ್ತೆ ಯೋಚನೆ ಮಾಡಿ, ಪವರ್ ಸ್ಟೀರಿಂಗ್ ಕಲ್ಲಾಗುತ್ತೆ, ಏರ್ ಬ್ರೇಕಿಗೆ ಗಾಳಿ ತುಂಬೋ ಕಂಪ್ರೆಸರ್ ನಿಲ್ಲುತ್ತೆ. ಬಾಡಿಗೆ ಬಾಕಿ ಇದ್ರೆ ಮಾತಾಡಿ ವಸೂಲಿ ಮಾಡ್ಬಹುದು. ಸ್ಪೀಡ್ ಸೊನ್ನೆ ಇದ್ರೆ ಮಾತ್ರ ಕಮಾಂಡ್ ಹೋಗೋ ಹಾಗೆ ಲಾಕ್ ಇದ್ಯಾ ಅಂತ ನಿಮ್ಮ ಕಣ್ಣೆದುರಿಗೇ ತೋರಿಸೋಕೆ ಹೇಳಿ, ಇಲ್ಲ ಅಂದ್ರೆ ಆ ವೈರ್ ಕಿತ್ತು ಹಾಕ್ಸಿ.

ಪ್ರಶ್ನೆ: ಕಾರವಾರ ಬೈತಖೋಲದಿಂದ ಮೀನು ಕಳಿಸ್ತೇವೆ. ಟೆಂಪರೇಚರ್ ಸೆನ್ಸರ್ ಹಾಕಿದ್ರೂ ಬಂಗಡೆ ಮೆತ್ತಗಾಗಿ ಪಾರ್ಟಿ ವಾಪಸ್ ಕಳಿಸ್ತಾರೆ, ಆ್ಯಪಲ್ಲಿ ಮಾತ್ರ ಎಲ್ಲಾ ಹಸಿರು.

ಉತ್ತರ: ಸೆನ್ಸರ್ ಎಲ್ಲಿಟ್ಟಿದ್ದೀರಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ತಣ್ಣಗಿನ ಗಾಳಿ ಬರೋ ಬಾಯಿ ಹತ್ರವೇ ಅಂಟಿಸಿರ್ತಾರೆ, ಅಲ್ಲಿ ಯಾವಾಗ್ಲೂ ಚಳಿ. ಕೆಡೋದು ಬಾಗಿಲ ಪಕ್ಕದ ಬಾಕ್ಸು, ಮೇಲಿನ ಸಾಲು. ವೈರ್ ಇಲ್ಲದ ಬ್ಲೂಟೂತ್ ಸೆನ್ಸರ್ ಬಂದಿವೆ, ಮೂರು ತಗೊಂಡು ಒಂದು ಬಾಗಿಲ ಹತ್ರ, ಒಂದು ಮಧ್ಯ, ಒಂದು ಮೇಲಿನ ಸಾಲಿನ ಬಾಕ್ಸಿನ ಮಧ್ಯ ಇಡಿ. ಐಸ್ ಹಾಕಿದ ತಾಜಾ ಮೀನಿಗೆ ಕರಗೋ ಐಸಿನ ಶಾಖ, ಅಂದ್ರೆ ಸೊನ್ನೆ ಡಿಗ್ರಿ ಹತ್ರ ಇರ್ಬೇಕು, ಫ್ರೋಜನ್ ಶೆಟ್ಲಿಗೆ (ಸಿಗಡಿ) ಮೈನಸ್ 18. ಎರಡಕ್ಕೂ ಒಂದೇ ಅಲರ್ಟ್ ಇಟ್ರೆ ಪ್ರಯೋಜನ ಇಲ್ಲ, ಲೋಡ್ ನೋಡಿ ಬದಲಿಸ್ಬೇಕು. ಬಾಗಿಲು ಎಷ್ಟು ಹೊತ್ತು ತೆರೆದಿತ್ತು ಅಂತ ಹೇಳೋ ಸೆನ್ಸರನ್ನ ನಾನಂತೂ ಎಲ್ಲಕ್ಕಿಂತ ಮೇಲೆ ಇಡ್ತೇನೆ, ಎಷ್ಟೋ ಸಲ ಮೀನು ಕೆಡೋದು ದಾರೀಲಲ್ಲ, ಇಳಿಸೋ ಜಾಗದಲ್ಲಿ ಬಾಗಿಲು ತೆರೆದಿಟ್ಟು ರೇಟ್ ಮಾತಾಡುವಾಗ. ಉಪ್ಪುಗಾಳಿಗೆ ಕನೆಕ್ಟರ್ ಹಸಿರು ಹಿಡಿಯುತ್ತೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ನೋಡಿಸಿ.

ಪ್ರಶ್ನೆ: ಗೋಕರ್ಣದಲ್ಲಿ ಟೂರಿಸ್ಟ್ ಟೆಂಪೋ ಇದೆ. ಪ್ಯಾನಿಕ್ ಬಟನ್ ಇರೋ ಡಿವೈಸ್ ಇದೆ, ಅದನ್ನ ಒತ್ತಿದ್ರೆ ನಿಜವಾಗ್ಲೂ ಯಾರಿಗಾದ್ರೂ ಗೊತ್ತಾಗುತ್ತಾ?

ಉತ್ತರ: 2019ರ ಜನವರಿ 1ರಿಂದ ರಿಜಿಸ್ಟರ್ ಆದ ಹೊಸ ಪ್ರಯಾಣಿಕರ ಸಾರಿಗೆ ಗಾಡಿಗಳಿಗೆ ಇದು ಕಡ್ಡಾಯ, ಆಟೋಗಳಿಗೆ ವಿನಾಯಿತಿ ಇದೆ. ಬಟನ್ ಒತ್ತಿದ ಕೂಡ್ಲೆ ಡಿವೈಸು ತುರ್ತು ಸಂದೇಶ ಕಳಿಸ್ಬೇಕು, ಗಾಡಿ ಬ್ಯಾಟರಿ ಕಿತ್ರೂ ಒಳಗಿನ ಬ್ಯಾಟರಿ ಮೇಲೆ ನಾಲ್ಕು ತಾಸು ಕೆಲಸ ಮಾಡ್ಬೇಕು. ಆದ್ರೆ ಸಿಮ್ಮಿನ ಅವಧಿ ಮುಗಿದಿದ್ರೆ ಬಟನ್ ಬರೀ ಬಟನ್. ಡಿವೈಸ್ ಹಾಕಿದವರಿಗೆ ಮೊದಲೇ ತಿಳಿಸಿ ಅವರ ಎದುರೇ ಒಮ್ಮೆ ಟೆಸ್ಟ್ ಮಾಡಿಸಿ, ಸೀಟ್ ಕವರ್ ಹಾಕ್ಸುವಾಗ ಬಟನ್ ಮುಚ್ಚಿ ಹೋಗಿದ್ರೆ ಕೂಡ್ಲೆ ತೆಗ್ಸಿ. ಹೆಣ್ಣುಮಕ್ಕಳು ಒಂಟಿಯಾಗಿ ಓಡಾಡೋ ಊರು ಗೋಕರ್ಣ, ಗಾಡಿ ಹತ್ತಿದವರಿಗೆ ಬಟನ್ ಎಲ್ಲಿದೆ ಅಂತ ಬಾಯಲ್ಲಿ ಹೇಳೋದು ಒಳ್ಳೇದು.

ಪ್ರಶ್ನೆ: ನನ್ನ ಯಜಮಾನ್ರು ಲಾರಿ ಡ್ರೈವರ್. ಅವರ ಮಾಲಕರು ಲೊಕೇಶನ್ ಲಿಂಕ್ ಕಳಿಸ್ತಾರೆ, ಮಳೆಗಾಲದಲ್ಲಿ ಅದನ್ನೇ ನೋಡ್ತಾ ಕೂತಿರ್ತೇನೆ. ಗಾಡಿ ಒಂದೇ ಕಡೆ ನಿಂತ್ರೆ ಎದೆ ಹೊಡ್ಕೊಳ್ಳುತ್ತೆ. (ಅಂಕೋಲಾ ತಾಲೂಕು)

ಉತ್ತರ: ಅಕ್ಕಾ, ನಿಮ್ಮ ಭಯ ಅರ್ಥ ಆಗುತ್ತೆ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದಿದ್ದನ್ನ ನೋಡಿದ ಊರು ನಿಮ್ದು. ಆವಾಗ ಕಾಣೆಯಾದ ಲಾರಿಯ ಕೊನೇ ಲೊಕೇಶನ್ ಗುಡ್ಡ ಕುಸಿದ ಜಾಗವನ್ನೇ ತೋರಿಸ್ತಿತ್ತು, ಲಾರಿ ಮಾತ್ರ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗಂಗಾವಳಿ ನದಿಯೊಳಗೆ. ಮ್ಯಾಪಲ್ಲಿ ಕಾಣೋ ಚುಕ್ಕೆ ಡಿವೈಸು ಕೊನೇ ಸಲ ಲೊಕೇಶನ್ ಕಳಿಸಿದ ಜಾಗ ಹೇಳುತ್ತೆ, ಈಗಿರೋ ಜಾಗವನ್ನಲ್ಲ. ಅದಕ್ಕೇ ಲಿಂಕ್ ತೆಗೆದಾಗ ಮ್ಯಾಪಿಗಿಂತ ಮೊದಲು ಕೊನೇ ಅಪ್‌ಡೇಟ್ ಟೈಮ್ ನೋಡಿ. ಟೈಮ್ ಈಗಿಂದೇ ಆಗಿದ್ದು ಗಾಡಿ ನಿಂತಿದ್ರೆ ಅವರು ಚಾ ಕುಡೀತಿರ್ಬಹುದು, ಟ್ರಾಫಿಕ್ ಇರ್ಬಹುದು, ಹೆದರ್ಬೇಡಿ. ಟೈಮೇ ಹಳೇದಾಗಿದ್ರೆ ನೆಟ್‌ವರ್ಕ್ ಹೋಗಿದೆ ಅಂತ, ಆ ಘಟ್ಟ ದಾಟೋಕೆ ದಿನಾ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಯಜಮಾನ್ರ ಹತ್ರ ಮೊದಲೇ ಕೇಳಿಟ್ಕೊಳ್ಳಿ, ಅದಕ್ಕಿಂತ ಜಾಸ್ತಿ ಆದ್ರೆ ಮಾಲಕರಿಗೆ ಫೋನ್ ಮಾಡಿ, ಸಂಕೋಚ ಬೇಡ.

ಮಾಲಕರಿಗೂ ಒಂದು ಮಾತು ಇದೆ. ಮಳೆ ಎಚ್ಚರಿಕೆ ಬಂದ ದಿನ ಕುಸಿಯೋ ಜಾಗಗಳಿಗೆ ಜಿಯೋಫೆನ್ಸ್ ಹಾಕಿ ಅಲ್ಲಿ ಗಾಡಿ ನಿಂತ್ರೆ ಅಲರ್ಟ್ ಬರೋ ಹಾಗೆ ಮಾಡೋಕೆ ಈಗ ಐದು ನಿಮಿಷ ಸಾಕು. ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಮಲಗಿದ ಡ್ರೈವರನ್ನ ಎಬ್ಬಿಸಿ ಮುಂದೆ ಕಳಿಸೋದು ನಿಮ್ಮ ಕೆಲಸ. ಅಲರ್ಟ್ ಬಂದಾಗ ಫೋನ್ ಎತ್ತೋಕೆ ರಾತ್ರಿ ಯಾರಾದ್ರೂ ಎಚ್ಚರ ಇಲ್ಲಾಂದ್ರೆ ಎಷ್ಟು ದುಬಾರಿ ಸಾಫ್ಟ್‌ವೇರಾದ್ರೂ ಉಪಯೋಗ ಇಲ್ಲ.

ಪ್ರಶ್ನೆ: ನಾನು ಡ್ರೈವರ್, ಕುಮಟಾ. ಕ್ಯಾಬಿನ್ನಿನೊಳಗೆ ಮುಖ ನೋಡೋ ಕ್ಯಾಮೆರಾ ಹಾಕಿದ್ದಾರೆ. ಊಟ ಮಾಡಿದ್ರೂ, ಮನೆಗೆ ಮಾತಾಡಿದ್ರೂ ನೋಡ್ತಾರೆ ಅನ್ಸುತ್ತೆ. ಬೇಡ ಅನ್ನೋಕೆ ಆಗುತ್ತಾ?

ಉತ್ತರ: ಕ್ಯಾಮೆರಾ ಇರೋ ಉದ್ದೇಶ ಒಳ್ಳೇದು ಅಣ್ಣಾ, ಕಣ್ಣು ಮುಚ್ಚಿದ್ರೆ, ಮೊಬೈಲ್ ನೋಡಿದ್ರೆ ಡಿವೈಸೇ ಗುರುತು ಹಿಡಿದು ಕ್ಯಾಬಿನ್ನಲ್ಲೇ ಬೀಪ್ ಮಾಡುತ್ತೆ. ರಾತ್ರಿ ಲೈನಲ್ಲಿ ಹೋಗೋರಿಗೆ ಅದು ಜೀವ ಉಳಿಸೋ ವಸ್ತು. ಆದ್ರೆ ಇಡೀ ದಿನದ ವಿಡಿಯೋ ಮಾಲಕರಿಗೆ ಹೋಗ್ಬೇಕು ಅಂತ ಏನಿಲ್ಲ. ಬೀಪ್ ಆದ ಹೊತ್ತಿನ ಕೆಲವು ಸೆಕೆಂಡಿನ ತುಣುಕು ಮಾತ್ರ ಹೋಗೋ ಹಾಗೆ, ಧ್ವನಿ ರೆಕಾರ್ಡ್ ಆಗದ ಹಾಗೆ, ಇಗ್ನಿಷನ್ ಆಫ್ ಇದ್ದಾಗ ಒಳಗಿನ ಕ್ಯಾಮೆರಾ ಬಂದ್ ಇರೋ ಹಾಗೆ ಸೆಟ್ಟಿಂಗ್ ಮಾಡೋಕೆ ಬರುತ್ತೆ, ಹೊಸ ಸಾಫ್ಟ್‌ವೇರ್‌ಗಳಲ್ಲಿ ಇದೆಲ್ಲ ಇದೆ. ಮಾಲಕರ ಹತ್ರ ಈ ಮೂರನ್ನೂ ಬಿಡಿಸಿ ಕೇಳಿ, ವಿಡಿಯೋ ಎಷ್ಟು ದಿನ ಇಟ್ಕೊಳ್ತೀರಿ, ಯಾರ್ಯಾರು ನೋಡ್ತಾರೆ ಅಂತಾನೂ ಕೇಳಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ದೇಶದಲ್ಲಿ ಕಾನೂನೇ ಬಂದಿದೆ, ಹಾಗಾಗಿ ನೀವು ಕೇಳೋದು ಅಧಿಕಪ್ರಸಂಗ ಅಲ್ಲ. ಡ್ರೈವರ್ ಸ್ಕೋರ್ (ಗಾಡಿ ಓಡಿಸೋ ರೀತಿಗೆ ಸಾಫ್ಟ್‌ವೇರ್ ಕೊಡೋ ಅಂಕ) ನೋಡಿ ಸಂಬಳ ಹಿಡಿಯೋ ಮಾಲಕರು ಇದನ್ನ ಓದ್ತಿದ್ರೆ, ಘಟ್ಟದ ತಿರುವಲ್ಲಿ ದನ ಅಡ್ಡ ಬಂದು ಬ್ರೇಕ್ ಹೊಡೆದ್ರೂ ಅದನ್ನ ತಪ್ಪು ಅಂತ ಲೆಕ್ಕ ಹಾಕುತ್ತೆ ಆ ಸ್ಕೋರು, ಹಿಡಿಯೋ ಮುಂಚೆ ತುಣುಕು ಹಾಕಿ ಡ್ರೈವರ್ ಜೊತೆ ಕೂತು ನೋಡಿ.